ಇಳಿತಕ್ಕೂ ಮರಳದ ಗೆರೆ

ಐರೋಲಿಯ ಆ ವಸತಿ ಸೊಸೈಟಿಯಲ್ಲಿ ಎಲ್ಲರಿಗೂ ಕಮಲಾಕ್ಷನೇ ಧೈರ್ಯ. ಉಡುಪಿ ಕಡೆಯವನು. ಕಲ್ಯಾಣದ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಸೂಪರ್‌ವೈಸರ್ ಆಗಿದ್ದು, ಅದು ಮುಚ್ಚಿದ ಮೇಲೆ ತಾನಿರುವ ಕಟ್ಟಡದಲ್ಲೇ ಕೆಲಸ ಹಿಡಿದಿದ್ದ. ಸಮುದ್ರದ ನೀರು ಒಳನುಗ್ಗುವ ಖಾಡಿಯ ಕಡೆಯ ಪಕ್ಕದ ಸೈಟಿನಲ್ಲಿ ಟವರಿಗೆಂದು ಆಳವಾಗಿ ಅಗೆಯುತ್ತಿದ್ದರು. ಅದರಿಂದ ಈ ಕಟ್ಟಡ ವಾಲುತ್ತದೆಯೇ ಎಂದು ತಿಳಿಯಲು ಬೇಸ್‌ಮೆಂಟಿನಲ್ಲಿ ಒಂದು ಯಂತ್ರ ಕೂರಿಸಿದ್ದರು. ಅದರ ಪರದೆಯ ಗೆರೆ ನೋಡಿ ದಿನಕ್ಕೆ ನಾಲ್ಕು ಸಲ ಬರೆದಿಡುವುದು ಅವನ ಕೆಲಸ.

ಮೊದಲ ತಿಂಗಳು ಎಲ್ಲರ ಜೀವ ಬಾಯಿಗೆ ಬಂದಿತ್ತು. ದಿನಕ್ಕೆರಡು ಸಲ ಗೆರೆ ಖಾಡಿಯ ಕಡೆ ವಾಲುತ್ತಿತ್ತು, ಮತ್ತೆ ಹಿಂದಕ್ಕೆ ಬರುತ್ತಿತ್ತು. ಯಂತ್ರ ಕೂರಿಸಿದ ಇಂಜಿನಿಯರು ನಕ್ಕುಬಿಟ್ಟರು. ಉಬ್ಬರದಲ್ಲಿ, ಅಲ್ಲಿಯವರ ಮಾತಿನಲ್ಲಿ ಭರತಿಯಲ್ಲಿ, ತುಂಬುವ ನೀರಿನ ಭಾರಕ್ಕೆ ದಂಡೆಯ ನೆಲವೇ ತಗ್ಗುತ್ತದಂತೆ, ಇಳಿತಕ್ಕೆ ಮೇಲೇಳುತ್ತದಂತೆ, ಕಣ್ಣಿಗೆ ಕಾಣದಷ್ಟು. ಕಮಲಾಕ್ಷ ಬಿಡುತ್ತಾನೆಯೇ! ಪಂಚಾಂಗ ತಂದು ತಾಳೆ ನೋಡಿದ. ಅಮಾವಾಸ್ಯೆ, ಹುಣ್ಣಿಮೆಗೆ ವಾಲುವುದು ಜಾಸ್ತಿ, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಕರಾವಳಿಯವನಿಗೆ ಇದನ್ನೆಲ್ಲ ಹೇಳಿಕೊಡಬೇಕೇ? ಅಮಾವಾಸ್ಯೆ ಬಂದಾಗೆಲ್ಲ ಸುಮ್ಮನೆ ಹೊಡೆದುಕೊಳ್ಳುತ್ತದೆಂದು ಯಂತ್ರದ ಅಲಾರಂ ಕೂಡ ಬಂದ್ ಮಾಡಿದ. ಯಾರು ಕೇಳಿದರೂ ಒಂದೇ ಮಾತು: "ಭರತಿ ಮಾರಾಯ್ರೆ, ಇಳಿದ್ರೆ ಸರಿಯಾಗ್ತದೆ." ದೊಡ್ಡ ಪಂಡಿತ!

ಕಳೆದ ಸೋಮವಾರ ನವಮಿ. ಮಧ್ಯಾಹ್ನ ಮೂರಕ್ಕೆ ನೋಡಿದರೆ ಗೆರೆ ಅಮಾವಾಸ್ಯೆಗೂ ಮುಟ್ಟದಷ್ಟು ಆಚೆ ನಿಂತಿತ್ತು. ನವಮಿಗೆ ಇಷ್ಟೊಂದೇ? ಪುಸ್ತಕದ ಪುಟ ತಿರುವಿದ. ಹತ್ತು ದಿನಗಳಿಂದ ಗೆರೆ ಪೂರ್ತಿ ಹಿಂದಕ್ಕೆ ಬಂದೇ ಇರಲಿಲ್ಲ. ಪ್ರತಿ ಸಾಲಿನೆದುರೂ ಅವನದೇ ಕೈಬರಹ: ಭರತಿ, ಭರತಿ, ಭರತಿ.

ಹೊರಗೋಡಿ ಖಾಡಿ ನೋಡಿದ. ನೀರು ಯಾವಾಗಲೋ ಇಳಿದಿತ್ತು, ಬರೀ ಕೆಸರು. ಅಯ್ಯೋ ದೇವರೇ, ಇದು ಸಮುದ್ರದ ಭಾರವಲ್ಲ, ಟವರಿನ ಗುಂಡಿಯ ಕಡೆಗೆ ಕಟ್ಟಡವೇ ವಾಲುತ್ತಿದೆ!

ಗೇಟಿನಲ್ಲಿ ಸೊಸೈಟಿಯ ಸೆಕ್ರೆಟರಿ ಮನೀಶ್ ಸಿಕ್ಕ. "ಎಲ್ಲರನ್ನೂ ಕೆಳಗಿಳಿಸಿ, ಈಗಲೇ!" ಎಂದು ಕಮಲಾಕ್ಷ ಕೂಗಿದ.

"ಅರೇ ಅಣ್ಣಾ, ಭರತಿ ಹೈ ನಾ? ನೀವೇ ಹೇಳಿದ್ದಲ್ವಾ?" ಮನೀಶ್ ಅವನ ಹೆಗಲು ತಟ್ಟಿದ.

ಅವನನ್ನು ಅಲ್ಲೇ ಬಿಟ್ಟು ಕಮಲಾಕ್ಷ ಕೂಗುತ್ತಾ, ಸಿಕ್ಕ ಬಾಗಿಲುಗಳನ್ನೆಲ್ಲ ಬಡಿಯುತ್ತಾ ಮೂರನೇ ಮಹಡಿಗೆ ಓಡಿದ. ತನ್ನ ಮನೆಯ ಬಾಗಿಲನ್ನು ಭುಜಕೊಟ್ಟು ತಳ್ಳಿದ. ಅದು ಅಲುಗಲಿಲ್ಲ.

"ಮುಕ್ತಾ! ಹೊರಗೆ ಬಾ!"

"ಚೌಕಟ್ಟು ಬಿಗಿದುಕೊಂಡಿದೆ ಮಾರಾಯ್ರೆ, ಮಧ್ಯಾಹ್ನದಿಂದ ಹೀಗೇ," ಒಳಗಿನಿಂದ ಹೆಂಡತಿ ನಿಶ್ಚಿಂತೆಯಿಂದ ಹೇಳಿದಳು. "ಗಡಿಬಿಡಿ ಎಂತಕ್ಕೆ? ಭರತಿ ಇಳಿಲಿ, ತೆಗೀತೇನೆ."