ಕೈ ಕೊಡದ ಇಂಜಿನ್

ಬಿಸಿ ರಾಗಿಹಿಟ್ಟಿನ ವಾಸನೆಗೆ ಸುಟ್ಟ ಡೀಸೆಲ್ಲಿನ ವಾಸನೆ ಸೇರಿಕೊಂಡರೆ ಅದು ಬೇರೆಯೇ ಆಗಿಬಿಡುತ್ತದೆ. ಹೋದ ವಾರ ಮಾಸ್ತಿಯಲ್ಲಿರುವ ತಂಗಿಯ ಮನೆಗೆ ಹೋದವನು ಅವಳ ರಾಗಿ ಬೀಸಿಸಿಕೊಂಡು ಬರಲು ಹಿಟ್ಟಿನ ಮಿಷನ್ನಿಗೆ ಹೋಗಿದ್ದೆ. ಕರೆಂಟು ಹೋಯಿತು. ಮಿಷನ್ನಿನವರು ಹಿಂದಿನ ಶೆಡ್ಡಿನಲ್ಲಿದ್ದ ಡೀಸೆಲ್ ಇಂಜಿನ್ನನ್ನು ಶುರುಮಾಡಿದರು. ಮೊದಲು ವಾಸನೆ ಬಂತು, ಆಮೇಲೆ ಸದ್ದು. ಒಂದೇ ಸಮನಾದ ಆ ಸದ್ದಿನ ನಡುವೆ, ಯಾರೋ ಬಿಕ್ಕಳಿಕೆಯನ್ನು ನುಂಗಿಕೊಂಡ ಹಾಗೆ, ಆಗಾಗ ಒಂದು ಸಣ್ಣ ತಡೆ. ಶೆಡ್ಡಿನೊಳಗೆ ಇಣುಕಿದೆ. ಕಬ್ಬಿಣದ ಚೌಕಟ್ಟಿನ ಮೇಲೆ ಕೂರಿಸಿದ್ದರು. ಮೇಲಿನ ಮುಚ್ಚಳಕ್ಕೆ ನೀಲಿ ಬಣ್ಣ, ಒಂದು ಮೂಲೆ ತಗ್ಗಾಗಿದೆ. ಆ ತಗ್ಗು ಹೇಗಾಯಿತೆಂದು ನನಗೆ ಗೊತ್ತು. ಅದು ಎದುರುಮನೆ ಅಣ್ಣನ ಜೀಪಿನ ಇಂಜಿನ್...

ಬೈರಕೂರಿನ ಹತ್ತಿರದ ನಮ್ಮೂರಿನಲ್ಲಿ ನಮ್ಮ ಮನೆಯ ಎದುರಿಗೇ ಅವನ ಮನೆ. ರಕ್ತಸಂಬಂಧವಿಲ್ಲ, ಚಿಕ್ಕಂದಿನಿಂದ ಅಣ್ಣ ಎಂದೇ ಕರೆದದ್ದು. ಅವನಪ್ಪ ಬಿಟ್ಟುಹೋದ ಹಳೆಯ ಜೀಪು ಅವನ ಬದುಕು. ಟೆಂಪೊ ಹೋಗಲಾರದ ಹೊಲಗಳಿಂದ ಟೊಮೆಟೊ ಕ್ರೇಟುಗಳನ್ನು ಟಾರು ರಸ್ತೆಗೆ ತಂದು ಹಾಕುತ್ತಿದ್ದ. ಕೆಸರಿನಲ್ಲಿ ಹೂತ ಟ್ರ್ಯಾಕ್ಟರುಗಳನ್ನು ಎಳೆಯುತ್ತಿದ್ದ. ಎಳೆದೂ ಎಳೆದೂ ಇಂಜಿನ್ ಸೋತಿತು. ಮುಳಬಾಗಿಲಿನ ಮೇಸ್ತ್ರಿಯೊಬ್ಬರ ಕೈಲಿ ಅದನ್ನು ಪೂರ್ತಿ ಬಿಚ್ಚಿಸಿದ. ಬಿಚ್ಚಿಸಿದವನು ಇದ್ದ ಹಾಗೇ ಕಟ್ಟಿಸಲಿಲ್ಲ. ಕೋಲಾರದಲ್ಲಿ ಸಿಲಿಂಡರುಗಳನ್ನು ಕೊರೆಸಿ ಅಗಲ ಮಾಡಿಸಿ, ಮೊದಲಿಗಿಂತ ದೊಡ್ಡ ಪಿಸ್ಟನ್ನುಗಳನ್ನು ಹಾಕಿಸಿದ.

ಮೇಸ್ತ್ರಿ ಜೀಪು ವಾಪಸು ಕೊಡುವ ದಿನ ನಾನೂ ಜೊತೆಗಿದ್ದೆ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಾ ಹೇಳಿದ್ದು ಇಷ್ಟು: "ಎತ್ತಿನ ಉಸಿರು ತಗೊಂಡೋಗಿ ಮೇಕೆ ಎದೇಲಿ ಇಟ್ಟಿದೀವಿ. ಓಡೋದಕ್ಕೆ ಓಡುತ್ತೆ. ನಿಲ್ಲೋದು? ಬ್ರೇಕು ನಿಮ್ಮಪ್ಪನ ಕಾಲದ್ದು, ಗೇರ್‌ಬಾಕ್ಸೂ ಅಷ್ಟೇ. ಅವೆರಡೂ ಮಾಡಿಸೋ ತನಕ ಲೋಡು ಹಾಕಬೇಡ. ಚೂಸ್ಕೋ ನಾಯನಾ." ನೋಡಿಕೋ ಎಂದು ತೆಲುಗಿನಲ್ಲಿ ಹೇಳಿದ ಆ ಕೊನೆಯ ಮಾತಿಗೆ ಅಣ್ಣ ನಕ್ಕ. "ಟೊಮೆಟೊ ಮುಗೀಲಿ ಮೇಸ್ತ್ರಿ, ಅವನ್ನೂ ಮಾಡಿಸೋಣ."

ನಮ್ಮೂರಿನ ಟೀ ಅಂಗಡಿಗೆ ಬ್ರೇಕಿನ ಚಿಂತೆ ಇರಲಿಲ್ಲ. ಅಲ್ಲಿ ಎಲ್ಲರ ಮಾತೂ ಇಂಜಿನ್ನಿನದು. ಕೊರೆಸಿದ ಇಂಜಿನ್ ಬಾಳಿಕೆ ಬರುವುದಿಲ್ಲ ಎಂದು ಪ್ರತಿಯೊಬ್ಬನಿಗೂ ಗೊತ್ತಿತ್ತು.

"ಸಿಲಿಂಡರ್ ಗೋಡೆ ತೆಳ್ಳಗಾಗೋಯ್ತು ಕಣೋ. ಮುಂದಿನ ಯುಗಾದಿಗೆ ಗುಜರಿಗೆ ಹೋಗುತ್ತೆ ನೋಡ್ತಿರು."

"ಹೋದ್ರೆ ನೀನೇ ತಗೊಳ್ಲಾ. ನಿನ್ನ ಬಾಯಿಗೊಂದು ಮುಚ್ಚಳ ಮಾಡಿಸ್ಕೊಳ್ಳೋಕಾಯ್ತದೆ."

ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ಆದರೆ ಆ ಮಾತು ಅವನೊಳಗೆ ಇಳಿದಿತ್ತು. ಅಂದಿನಿಂದ ಅವನ ಜೋಪಾನವೆಲ್ಲ ಇಂಜಿನ್ನಿಗೇ ಹೋಯಿತು. ಎಣ್ಣೆಯನ್ನು ಬೇರೆಯವರ ಕೈಲಿ ಬದಲಾಯಿಸಲು ಬಿಡುತ್ತಿರಲಿಲ್ಲ. ಬೋರ್‌ವೆಲ್ ನೀರು ಹಾಕಿದರೆ ಒಳಗೆಲ್ಲ ಸುಣ್ಣ ಕಟ್ಟುತ್ತದೆಂದು ದೇವರಾಯಸಮುದ್ರದ ಕೆರೆಯಿಂದ ಕ್ಯಾನುಗಳಲ್ಲಿ ನೀರು ತಂದು, ಬಟ್ಟೆಯಲ್ಲಿ ಸೋಸಿ, ರೇಡಿಯೇಟರಿಗೆ ಸುರಿಯುತ್ತಿದ್ದ. ಅತ್ತಿಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಕುಡಿಯೋ ನಮಗೆ ಬೋರ್ ನೀರು, ಹೊಗೆ ಬಿಡೋದಕ್ಕೆ ಕೆರೆ ನೀರು. ಚೆನ್ನಾಗೈತೆ ನಿಮ್ಮ ನ್ಯಾಯ."

ಆ ಯುಗಾದಿ ಕಳೆಯಿತು. ಅದರ ಮುಂದಿನದೂ ಕಳೆಯಿತು. ಇಂಜಿನ್ನಿಗೆ ಏನೂ ಆಗಲಿಲ್ಲ. ಒಂದು ಮಳೆಗಾಲದಲ್ಲಿ ಬೆಂಗಳೂರಿನ ಕಡೆಯಿಂದ ದುಬಾರಿ ಜೀಪುಗಳವರು ಕೆಸರಿನಲ್ಲಿ ಗಾಡಿ ಓಡಿಸುವ ಆಟಕ್ಕೆಂದು ನಮ್ಮ ಕಡೆಗೆ ಬಂದು, ಹೂತು, ಪರದಾಡಿದರು. ಅಣ್ಣ ಹಗ್ಗ ಕಟ್ಟಿ ಒಂದೊಂದನ್ನೇ ಎಳೆದು ಹಾಕಿದ. ಅವರು ವಿಡಿಯೊ ಮಾಡಿಕೊಂಡರು. ಕೊರೆಸಿದ ಇಂಜಿನ್ ಎಷ್ಟು ದಿನ ಬಾಳುತ್ತದೆ ಎಂದು ಒಬ್ಬ ಕೇಳಿದ್ದಕ್ಕೆ ಅಣ್ಣ, "ನಾನಿರೋ ತನಕ ಇದಕ್ಕೇನೂ ಆಗಲ್ಲ ಬಿಡಿ ಸಾರ್" ಎಂದ. ಆ ಮಾತೂ ವಿಡಿಯೊದಲ್ಲಿದೆ. ನಾನು ಮತ್ತೆ ನೋಡಿಲ್ಲ.

ಗೇರು ಮಾತ್ರ ಇಳಿಜಾರಿನಲ್ಲಿ ತಾನಾಗಿ ಕಳಚಿಕೊಳ್ಳಲು ಶುರುವಾಗಿತ್ತು. ಅದಕ್ಕೆ ಅಣ್ಣ ಸೈಕಲ್ ಟ್ಯೂಬಿನ ಒಂದು ಪಟ್ಟಿ ಕತ್ತರಿಸಿಕೊಂಡಿದ್ದ. ಇಳಿಯುವಾಗ ಎರಡನೇ ಗೇರು ಹಾಕಿ, ಕೋಲನ್ನು ಆ ಪಟ್ಟಿಯಿಂದ ಸೀಟಿನ ಕಬ್ಬಿಣಕ್ಕೆ ಬಿಗಿಯುತ್ತಿದ್ದ. ಇಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತಿತ್ತು. ಬ್ರೇಕು ಹೆಸರಿಗಷ್ಟೇ. ಆಯುಧಪೂಜೆಯ ದಿನ ಅವನು ಇಂಜಿನ್ನಿಗೆ ಹಾರ ಹಾಕುತ್ತಿದ್ದಾಗ ಅತ್ತಿಗೆ ಬಗ್ಗಿ ಬ್ರೇಕಿನ ಪೆಡಲಿಗೆ ಕುಂಕುಮ ಇಟ್ಟರು. "ನೀವಂತೂ ನೋಡಲ್ಲ. ದೇವರಾದರೂ ನೋಡಲಿ." ಅಣ್ಣ ಹಾರದ ಗಂಟು ಬಿಗಿದ. ಸಂಜೆ ನನ್ನ ಹತ್ತಿರ, "ಈ ಸಲ ಟೊಮೆಟೊ ಮುಗಿದ ಮೇಲೆ ಗ್ಯಾರಂಟಿ ಕಣೋ" ಎಂದ. ನಮ್ಮ ಕಡೆ ಟೊಮೆಟೊ ಯಾವಾಗ ಮುಗಿಯುತ್ತದೆ? ಒಬ್ಬರ ಹೊಲದಲ್ಲಿ ಮುಗಿದರೆ ಇನ್ನೊಬ್ಬರದರಲ್ಲಿ ಕಾಯಿ ಇರುತ್ತದೆ.

ಮುಂದಿನದನ್ನು ಪೊಲೀಸರಿಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ನಾನು ಹಾಲಿನ ಡೈರಿಯಲ್ಲಿ ಕೆಲಸ ಮುಗಿಸಿ ಬೈಕಿನಲ್ಲಿ ಬರುತ್ತಿದ್ದೆ. ಬೆಳಗಿನ ಬಿಸಿಲು. ಬಂಡೆಗುಡ್ಡದ ಇಳಿಜಾರಿನಲ್ಲಿ ಅಣ್ಣನ ಜೀಪು ನನ್ನ ಮುಂದೆ ಇಳಿಯುತ್ತಿತ್ತು. ತುಂಬ ಕ್ರೇಟುಗಳಿದ್ದವು. ಇಂಜಿನ್ ಗಾಡಿಯನ್ನು ತಡೆಯುವಾಗ ಬರುವ ಗುರುಗುಟ್ಟುವ ಸದ್ದು ನನಗೆ ಕೇಳುತ್ತಿತ್ತು. ಆ ಸದ್ದು ಇದ್ದಕ್ಕಿದ್ದಂತೆ ಹಗುರವಾಯಿತು. ಗೇರು ಕಳಚಿತ್ತು. ಹಿಂದಿನ ಕೆಂಪು ದೀಪ ಹತ್ತಿತು, ಆರಿತು, ಮತ್ತೆ ಹತ್ತಿತು, ಆರಿತು, ಹತ್ತಿತು. ಅವನು ಬ್ರೇಕು ತುಳಿಯಲಿಲ್ಲವೇ ಎಂದು ಆಮೇಲೆ ಕೇಳಿದರು. ತುಳಿದ. ತುಳಿಯುತ್ತಲೇ ಇದ್ದ. ತಿರುವಿನಲ್ಲಿ ಜೀಪು ತಿರುಗಲಿಲ್ಲ. ಅದರಾಚೆಗೆ ಹಳೆಯ ಕಲ್ಲುಕ್ವಾರಿಯ ಗುಂಡಿ.

ನಾನು ಇಳಿದು ಹೋಗುವಷ್ಟರಲ್ಲಿ ಜೀಪು ಮಗ್ಗುಲಾಗಿ ಬಿದ್ದಿತ್ತು. ಬಾನೆಟ್ ಕಿತ್ತುಹೋಗಿ, ಇಂಜಿನ್ನಿನ ಮುಚ್ಚಳದ ಮೂಲೆ ಬಂಡೆಗೆ ಒತ್ತಿತ್ತು. ಟ್ಯೂಬಿನ ಪಟ್ಟಿ ತುಂಡಾಗಿ ಗೇರು ಕೋಲಿನಲ್ಲಿ ನೇತಾಡುತ್ತಿತ್ತು. ಇಂಜಿನ್ ಮಾತ್ರ ಓಡುತ್ತಿತ್ತು. ಮನೆ ಮುಂದೆ ನಿಂತಾಗ ಓಡುತ್ತಿದ್ದ ಹಾಗೆಯೇ, ಅದೇ ಸಣ್ಣ ತಡೆಯೊಂದಿಗೆ... ಆ ಜೀಪು ಕೀಲಿಗೆ ನಿಲ್ಲುವಂಥದ್ದಲ್ಲ, ಒಂದು ಕಪ್ಪು ಹಿಡಿಯನ್ನು ಎಳೆಯಬೇಕು. ಕೈ ಒಳಗೆ ಹಾಕಿ ಎಳೆದೆ. ಆ ಸದ್ದು ನಿಂತ ಮೇಲೆಯೇ ನನಗೆ ತಿಳಿದದ್ದು, ಒಳಗಿನಿಂದ ಬೇರೆ ಯಾವ ಸದ್ದೂ ಬರುತ್ತಿಲ್ಲ ಎಂದು. ಅಣ್ಣನ ಕೈ ಹಿಡಿದುಕೊಂಡೆ. ಬೆಚ್ಚಗಿತ್ತು. ಜನ ಬರುವವರೆಗೂ ಹಿಡಿದುಕೊಂಡೇ ಇದ್ದೆ.

ತಿಥಿ ಮುಗಿದ ಮೇಲೆ ಒಂದು ದಿನ ಟೀ ಅಂಗಡಿಯ ಮುಂದೆ ಹಾದುಹೋಗುವಾಗ ಕೂಗಿ ಕೂರಿಸಿಕೊಂಡರು. ಯುಗಾದಿಗೆ ಗುಜರಿ ಎಂದಿದ್ದವನೇ ಮಾತು ತೆಗೆದ. "ಪಾಪ... ಆದ್ರೂ ಅವನು ಹೇಳ್ದಂಗೇ ಆಯ್ತು ನೋಡು. ಇಂಜಿನ್ ಗಟ್ಟಿ." ಉಳಿದವರು ಹೂಂ ಎಂದರು. ಟೀಯನ್ನು ಅಲ್ಲೇ ಬಿಟ್ಟು ಎದ್ದು ಬಂದೆ.

ಕೆಲವು ತಿಂಗಳಾದ ಮೇಲೆ ಯಾರೋ ಆ ಮುರಿದ ಜೀಪನ್ನು ಕೊಳ್ಳಲು ಬಂದರು. "ಇಂಜಿನ್ ಹೆಂಗೈತಮ್ಮಾ?" ಎಂದು ಅತ್ತಿಗೆಯನ್ನೇ ಕೇಳಿದರು. ಅತ್ತಿಗೆ ಮುಖ ಎತ್ತಲಿಲ್ಲ.

"ಅದಕ್ಕೇನಾಗುತ್ತೆ. ಅದು ಚೆನ್ನಾಗೈತೆ."

ಹೇಳಿ ಒಳಗೆ ಹೋದರು. ಆಮೇಲೆ ತವರಿಗೆ, ಶ್ರೀನಿವಾಸಪುರದ ಕಡೆಗೆ ಹೊರಟುಹೋದರು. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಕೆರೆ ನೀರಿನ ಕ್ಯಾನುಗಳಲ್ಲಿ ಒಂದು ಬಹಳ ದಿನ ಗೋಡೆಯ ಪಕ್ಕದಲ್ಲೇ ಬಿದ್ದಿತ್ತು...

ಮಾಸ್ತಿಯ ಆ ಶೆಡ್ಡಿನ ಬಾಗಿಲಲ್ಲಿ ನಾನು ಎಷ್ಟು ಹೊತ್ತು ನಿಂತಿದ್ದೆನೋ. ಮಿಷನ್ನಿನವರು ಹಿಟ್ಟು ಮೆತ್ತಿದ ಕೈಯನ್ನು ಪಂಚೆಗೆ ಒರೆಸಿಕೊಂಡು ಹತ್ತಿರ ಬಂದರು.

"ಒಳ್ಳೇ ಇಂಜಿನ್ ಸಾರ್. ತಂದಾಗಿನಿಂದ ಒಂದ್ಸಲಾನೂ ಕೈ ಕೊಟ್ಟಿಲ್ಲ."

"ಯಾರದ್ದಂತೆ?"

"ಯಾರೋ ಮುಳಬಾಗ್ಲು ಕಡೆಯೋರಂತೆ. ಬಲು ಜೋಪಾನವಾಗಿ ನೋಡ್ಕೊಂಡಿದ್ರಂತೆ."

ಬೇರೇನೂ ಕೇಳಬಾರದೆಂದುಕೊಂಡೆ. ಆದರೂ ಕೇಳಿದೆ.

"ನೀರು ಯಾವುದು ಹಾಕ್ತೀರ?"

"ಬೋರ್‌ದೇ ಸಾರ್. ಇಲ್ಲಿ ಇನ್ಯಾವ ನೀರೈತೆ?"

ರಾಗಿ ಮುಗಿಯಿತು. ಅವರು ಒಂದು ತಂತಿಯನ್ನು ಎಳೆದರು. ಇಂಜಿನ್ ನಿಂತಿತು. ಆ ಮೌನದಲ್ಲಿ ನಾನು, ಏನನ್ನೋ ಕೇಳಿಸಿಕೊಳ್ಳುವವನ ಹಾಗೆ, ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಮೇಲೆ ಹಿಟ್ಟಿನ ಚೀಲವನ್ನು ಎರಡೂ ಕೈಗಳಿಂದ ಎತ್ತಿಕೊಂಡೆ. ಅದು ಇನ್ನೂ ಬೆಚ್ಚಗಿತ್ತು.