ಕುದುರೆಯ ತಲೆ ತಿರುಗಿದ ಕಡೆಗೆ

ಬ್ಯಾಡಗಿಯಲ್ಲಿ ಬಸ್ಸಿಳಿದರೆ ಇವತ್ತಿಗೂ ಒಣಮೆಣಸಿನಕಾಯಿಯ ಘಾಟು ಮೊದಲು ಗಂಟಲಿಗೆ ಬಡಿಯುತ್ತದೆ. ಉಳಿದವರು ಕೆಮ್ಮುತ್ತಾರೆ, ನನಗೆ ಈಗ ಇಲ್ಲದ ನಮ್ಮ ಮನೆಯ ಪಡಸಾಲೆ ಕಣ್ಣಿಗೆ ಕಟ್ಟುತ್ತದೆ. ಅಲ್ಲಿ ಕೆಂಪು ರಾಶಿಯ ಪಕ್ಕ ಗಿರಿಜತ್ತೆ ತೊಟ್ಟು ಬಿಡಿಸುತ್ತ ಕೂತಿರುತ್ತಿದ್ದಳು. ಅಪ್ಪನ ತಂಗಿ ಅವಳು, ಗಂಡ ತೀರಿಕೊಂಡ ಮೇಲೆ ತವರಿಗೆ ಮರಳಿದವಳು. ಮಕ್ಕಳೆಲ್ಲ ಅಜ್ಜನ ಸುತ್ತ ಕೂತು ಅವನ ಮೆಚ್ಚಿನ ಕಥೆ ಕೇಳುತ್ತಿದ್ದೆವು. ಹಿಂದೆ ಚೀನಾದ ಸೇನಾಪತಿಯೊಬ್ಬ ತನ್ನ ದಂಡಿಗೆ ಅಪ್ಪಣೆ ಕೊಟ್ಟನಂತೆ: ಕೋಳಿ ಕೂಗುತ್ತಲೇ ರಥ ಹೂಡಿರಿ, ಬಾವಿ ಮುಚ್ಚಿರಿ, ಒಲೆ ಕೆಡವಿರಿ, ಆಮೇಲೆ ನನ್ನ ಕುದುರೆಯ ತಲೆಯನ್ನಷ್ಟೇ ನೋಡಿರಿ. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸುವುದಕ್ಕೆ ಅಲ್ಲಿಯ ಜನ ಈಗಲೂ ಕುದುರೆಯ ತಲೆ ನೋಡುವುದು ಅನ್ನುತ್ತಾರಂತೆ. ಯಾರೋ ಮಾಸ್ತರರಿಂದ ಕೇಳಿದ ಕಥೆಯನ್ನು ಅಜ್ಜ ಅಲ್ಲಿಗೇ ನಿಲ್ಲಿಸಿ, "ಮನಿ ಅಂದ್ರೂ ಹಂಗ ಇರಬೇಕು" ಎಂದು ಮೀಸೆ ತೀಡುತ್ತಿದ್ದ.

ನಮ್ಮ ಮನೆ ಹಾಗೆಯೇ ಇತ್ತು. ಹೊಲದ ಬದುವಿನ ಜಗಳವಾಗಿ, ಕದರಮಂಡಲಗಿಯಲ್ಲಿದ್ದ ತನ್ನ ತಮ್ಮನ ಹೊಸ್ತಿಲನ್ನು ಯಾರೂ ತುಳಿಯಕೂಡದೆಂದು ಅಜ್ಜ ಹೇಳಿದ, ಯಾರೂ ತುಳಿಯಲಿಲ್ಲ. ಹೆತ್ತವಳನ್ನು ಕಳೆದುಕೊಂಡ ಎಳೆಗೂಸು ಗಿರಿಜತ್ತೆಯನ್ನು ಎದೆಹಾಲು ಕೊಟ್ಟು ಸಾಕಿದವಳು ಆ ತಮ್ಮನ ಹೆಂಡತಿ ಸಣ್ಣವ್ವ. ಒಂದು ಮಧ್ಯಾಹ್ನ ಆ ಊರಿನವನೊಬ್ಬ ಬಂದು ಬಾಗಿಲಲ್ಲೇ ನಿಂತ. "ಸಣ್ಣವ್ವಗ ಭಾಳ ಜಡ್ಡಾಗೇತ್ರಿ. ಗಿರಿಜಾ ಎಲ್ಲಿ ಅಂತ ಒಂದೇ ಸವನ ಕೇಳಾಕತ್ತಾಳ."

ಅತ್ತೆ ಕೈ ತೊಳೆದು, ಸೀರೆ ಬದಲಿಸಿ ಬಂದಳು. "ಅಪ್ಪಾ, ಮಾರಿ ನೋಡ್ಕೊಂಡು ಬರ್ತೇನಿ."

"ಬ್ಯಾಡ."

ಅಷ್ಟೇ. ಅಪ್ಪ, ಅವ್ವ, ಕಾಕಾ ಎಲ್ಲರೂ ಅಲ್ಲೇ ಇದ್ದರು. ಒಬ್ಬರಾದರೂ ಬಾಯಿ ಬಿಡಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ. ಕದರಮಂಡಲಗಿ ಏನು ಮಹಾ ದೂರ? ಅತ್ತೆ ಹಳೆಯ ಸೀರೆ ಉಟ್ಟು ಮತ್ತೆ ತೊಟ್ಟು ಬಿಡಿಸಲು ಕೂತಳು. ಅದೇ ವಾರ ಸಣ್ಣವ್ವ ತೀರಿದಳು. ಮಣ್ಣಿಗೂ ನಮ್ಮವರು ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ ರಾಣೆಬೆನ್ನೂರಿನ ಮದುವೆಯೊಂದರಲ್ಲಿ ಅಜ್ಜನನ್ನೂ ಅವನ ತಮ್ಮನನ್ನೂ ಯಾರೋ ಪಕ್ಕಪಕ್ಕ ಕೂರಿಸಿದರು. ಊಟ ಮುಗಿಯುವುದರೊಳಗೆ ಇಬ್ಬರೂ ಎಲೆಯಡಿಕೆ ಹಂಚಿಕೊಂಡು ನಗುತ್ತಿದ್ದರು! ಮುಂದಿನ ವಾರ ಆ ತಮ್ಮ ನಮ್ಮ ಮನೆಗೇ ಉಣ್ಣಲು ಬಂದ. ರೊಟ್ಟಿ ಬಡಿಸುತ್ತಿದ್ದ ಅತ್ತೆಗೆ, "ನಿನ್ನ ಸಣ್ಣವ್ವ ಕಡೀತನಕ ಬಾಗಿಲಾ ನೋಡಿದಳವಾ" ಎಂದ.

ಅಜ್ಜ ತುತ್ತು ನುಂಗಿ, "ಹೋಗಬೇಕಿತ್ತಪಾ. ನಾ ಏನ್ ಗಿರಿಜಾನ ಕಾಲು ಕಟ್ಟಿ ಹಾಕಿದ್ನೇನು?" ಎಂದುಬಿಟ್ಟ.

ಅತ್ತೆ ರೊಟ್ಟಿಯ ಬುಟ್ಟಿ ಎತ್ತಿಕೊಂಡಳು. ಆಮೇಲೆ, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ ಕಾಕಾ?" ಎಂದಳು.

ಅಜ್ಜನ ಆ ಕುದುರೆಯ ಕಥೆಯ ಉಳಿದರ್ಧ ನನಗೆ ಗೊತ್ತಾಗಿದ್ದು ಇತ್ತೀಚೆಗೆ, ಅಜ್ಜ ಹೋಗಿ ಎಷ್ಟೋ ಕಾಲವಾದ ಮೇಲೆ. ಸೇನಾಪತಿಯ ಕೈಕೆಳಗಿನ ಸರದಾರನೊಬ್ಬ, "ನಮ್ಮ ನಾಡಿನಲ್ಲಿ ಇಂಥ ಅಪ್ಪಣೆ ಎಂದೂ ಹೊರಟಿಲ್ಲ, ನನ್ನ ಕುದುರೆಯ ತಲೆ ಪೂರ್ವಕ್ಕೆ ತಿರುಗಿದೆ" ಎಂದು ಮನೆಯ ದಾರಿ ಹಿಡಿದನಂತೆ. ತನ್ನ ಅಪ್ಪಣೆಯೇ ತಪ್ಪೆಂದು ಒಪ್ಪಿಕೊಂಡ ಸೇನಾಪತಿ ಇಡೀ ದಂಡನ್ನು ಹಿಂದಕ್ಕೆ ಕರೆದನಂತೆ. ಈಗ ಮುದುಕಿಯಾಗಿ ಹಾವೇರಿಯಲ್ಲಿ ನನ್ನ ಜೊತೆಗಿದ್ದ ಗಿರಿಜತ್ತೆಗೆ ಅದನ್ನು ಹೇಳಿದೆ.

"ಅಂವಗ ಹೋಗಾಕ ಕುದುರಿ ಇತ್ತವಾ" ಎಂದಳು. ರಾತ್ರಿ ಹಾಸಿಗೆ ಹಾಸುತ್ತ, "ಕದರಮಂಡಲಗಿಗೆ ಕರ್ಕೊಂಡ್ ಹೋಗ್ತೀಯೇನು?" ಎಂದು ಕೇಳಿದಳು.

ಮರುದಿನವೇ ಹೋದೆವು. ಸಣ್ಣವ್ವನನ್ನು ಹುಗಿದ ಹೊಲ ಯಾರಿಗೋ ಮಾರಿಹೋಗಿ, ಬದುಗಳನ್ನೆಲ್ಲ ಒಡೆದು ಸಮ ಮಾಡಿದ್ದರು. ಗೋರಿ ಎಲ್ಲಿತ್ತೆಂದು ಹೇಳುವವರು ಸಿಗಲಿಲ್ಲ. ಅತ್ತೆ ಸೆರಗು ಹೊದ್ದು ಎಳೆಬೆಳೆಯ ಅಂಚಿನಲ್ಲಿ ನಿಂತಳು, ಯಾವ ಕಡೆ ಕೈಮುಗಿಯಬೇಕೆಂದು ತಿಳಿಯದೆ.