ಗೋಪುರದ ಸಂದಿಗೆ ಸಿಮೆಂಟು

ಡೆಟ್ರಾಯಿಟ್‌ನ ಹೊರವಲಯದ ಆ ಚರ್ಚನ್ನು ಕಟ್ಟಿದವರು ಇಂಗ್ಲೆಂಡಿನಿಂದ ಬಂದು ನೆಲೆಸಿದ ಜನ. ತಮ್ಮ ಹಳ್ಳಿಯ ಚರ್ಚನ್ನೇ ನೆನಪಿನಿಂದ ಇಲ್ಲಿ ಎಬ್ಬಿಸಿದ್ದರು: ಚೌಕ ಗೋಪುರ, ಗೋಡೆಗೆ ಒತ್ತಾಸೆಯಾಗಿ ನಿಂತ ದಪ್ಪ ಕಲ್ಲುಗಂಬಗಳು, ಮಗುಚಿದ ದೋಣಿಯ ಒಳಮೈಯಂತಹ ಮರದ ಚಾವಣಿ. ಮರಳುಗಲ್ಲುಗಳ ನಡುವೆ ಸುಣ್ಣದ ಗಾರೆ. ಗೋಪುರ ಬಿರುಕು ಬಿಟ್ಟಿತ್ತು. ಅದರಡಿ ಭಾನುವಾರದ ಪ್ರಾರ್ಥನೆ ನಡೆಸಬಹುದೇ ಎಂದು ಹೇಳಲು ಲಿಸ್ಲ್ ಊರಿನ ನಮ್ಮ ಇಂಜಿನಿಯರಿಂಗ್ ಕಚೇರಿಯಿಂದ ನಾನು, ನನ್ನ ಹಿರಿಯ ಸಹೋದ್ಯೋಗಿ ಹೋಗಿದ್ದೆವು. ಅವರು ಧಾರವಾಡದವರು, ನನಗೆ ಅಂಕಲ್.

ಬಾಗಿಲು ತೆಗೆದದ್ದು ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ವೃದ್ಧೆ. ಪ್ರತಿ ವಸಂತದಲ್ಲಿ ಭಕ್ತರೇ ಸೇರಿ ಗೋಡೆ ದುರಸ್ತಿ ಮಾಡುವುದು ಅಲ್ಲಿನ ಪದ್ಧತಿ. ಆಕೆಯ ಗಂಡ ಮುಂದಾಳು. ಉದುರುತ್ತಿದ್ದ ಸುಣ್ಣ ಕೆರೆದು, ಗೋಪುರದ ಸಂದಿಗಳಿಗೆಲ್ಲ ಸಿಮೆಂಟು ತುಂಬಿಸಿದ್ದರಂತೆ. ಈಗ ಅವರು ಮನೆಯಲ್ಲಿ ಹಾಸಿಗೆ ಹಿಡಿದಿದ್ದರು.

ಗೋಪುರದ ಮೇಲೆ ಕಲ್ಲನ್ನು ಬೆರಳಿಂದ ಒತ್ತಿದೆ. ಪದರ ಪದರವಾಗಿ ಕೈಗೆ ಬಂತು. ಸಿಮೆಂಟಿನ ಗೆರೆಗಳು ಮಾತ್ರ ಬಲೆಯಂತೆ ಮುಂದೆ ಚಾಚಿದ್ದವು.

“ನೀರು ಹೊರಗ ಬರೂ ದಾರೀನ ಮುಚ್ಚ್ಯಾರ ನೋಡವಾ,” ಎಂದರು ಅಂಕಲ್. “ಒಳಗ ನಿಂತು, ಚಳಿಗೆ ಹೆಪ್ಪುಗಟ್ಟಿ, ಕಲ್ಲ ಒಡದೈತಿ. ನಮ್ಮ ಮಾವನೂ ಹಳೇ ವಾಡೇ ಮನೀ ಗ್ವಾಡಿಗೆ ಹಿಂಗ ಸಿಮೆಂಟ್ ಬಳದು ಊರ ಮಂದೀಗೆ ಪೇಢೆ ಹಂಚಿದ್ದ.”

“ಅವ್ರಿಗೆ ಏನ್ ಹೇಳೋದು, ಅಂಕಲ್?”

“ಖರೇನ ಹೇಳು. ಸಾವಕಾಶ ಹೇಳು.”

ಕೆಳಗೆ ಬಂದು ಹೇಳಿದೆ. ಸಿಮೆಂಟು ನೀರನ್ನು ಒಳಗೇ ತಡೆದು ಕಲ್ಲು ಒಡೆದಿದೆ, ಗೋಪುರ ಕಳಚಿ ಇಳಿಸಬೇಕು, ಇಂದಿನಿಂದಲೇ ಯಾರೂ ಒಳಗೆ ಹೋಗುವಂತಿಲ್ಲ.

“ಸುಣ್ಣವನ್ನೇ ಬಿಟ್ಟಿದ್ದರೆ?” ಎಂದು ಆಕೆ ಕೇಳಿದರು.

“ಉದುರ್ತಿತ್ತು. ಮತ್ತೆ ಸುಣ್ಣಾನೇ ತುಂಬಬಹುದಿತ್ತು.”

“ಗೋಪುರ?”

“ನಿಂತಿರ್ತಿತ್ತು.”

ಅಷ್ಟರಲ್ಲಿ ಗಂಡನ ಫೋನ್ ಬಂತು. ಇಂಜಿನಿಯರುಗಳು ಏನೆಂದರು ಎಂದು ಕೇಳುತ್ತಿದ್ದುದು ನನಗೂ ಕೇಳಿಸಿತು. ಆಕೆ ನಮಗೆ ಬೆನ್ನು ಮಾಡಿ ನಿಂತರು.

“ನೀನು ತುಂಬಿದ ಸಿಮೆಂಟು ಒಂದು ಕಡೇನೂ ಕಿತ್ತುಬಂದಿಲ್ಲವಂತೆ.”

ಅತ್ತ ಕಡೆಯಿಂದ ನಗು, ಆಮೇಲೆ ಕೆಮ್ಮು. “ಹೇಳಿರಲಿಲ್ವಾ? ಈ ಭಾನುವಾರ ನನ್ನನ್ನೂ ಕರ್ಕೊಂಡು ಹೋಗು. ಕುರ್ಚಿಯಲ್ಲೇ ಕೂತಿರ್ತೀನಿ.”

“ತುಂಬಾ ಚಳಿ ಇದೆ,” ಎಂದರು ಆಕೆ. “ನೋಡೋಣ.”

ಫೋನ್ ಇಟ್ಟು ನಮ್ಮತ್ತ ತಿರುಗಿದರು. ಕೋಟಿನ ಜೇಬಿನಿಂದ ಚರ್ಚಿನ ಬೀಗದ ಕೈ ತೆಗೆದು ನನ್ನ ಮುಂದೆ ಹಿಡಿದರು.

“ನೀವೇ ಹಾಕಿ.”